ಬೇವಿನೆಣ್ಣೆ, ತೂಬಾ ಬೇರು ಮತ್ತು ‘ಸಹಜ’ ಎಂಬ ಮಾತು

(ಸಿಂಗಾಪುರದ ಟ್ಯಾಂಪಿನೀಸ್‌ನಲ್ಲಿ ಕನ್ನಡ ಓದುಗರ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ಟ್ಯಾಂಪಿನೀಸ್ ಎಂಬ ಹೆಸರು ಒಂದು ಮರದಿಂದ ಬಂದದ್ದು. ಮಲಯ ಭಾಷೆಯವರು ಟೆಂಪಿನಿಸ್ ಎಂದು ಕರೆಯುವ, ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ, ಗಟ್ಟಿ ನಾಟಾಕ್ಕೆ ಹೆಸರಾದ ಆ ಮರ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಬೆಳೆಯುತ್ತಿತ್ತು. ಇಂದು ಇಲ್ಲಿ ಇರುವುದು ವಸತಿ ಸಮುಚ್ಚಯಗಳ ಸಾಲು. ಆ ಸಮುಚ್ಚಯಗಳ ಮೊಗಸಾಲೆಯಲ್ಲಿ ಕುಂಡದೊಳಗಿನ ಕರಿಬೇವು, ವೀಳ್ಯದೆಲೆ, ಮೆಣಸಿನಗಿಡಗಳು ಇವೆ. ಕೆಳಗೆ ಬಂದರೆ 2005ರಲ್ಲಿ ಉದ್ಯಾನ ಮಂಡಳಿ ಆರಂಭಿಸಿದ ಯೋಜನೆಯ ಫಲವಾದ ಸಮುದಾಯ ತೋಟಗಳಿವೆ. ಕರಿಬೇವಿಗೆ ಹಿಟ್ಟು ತಿಗಣೆ ಹತ್ತಿದಾಗ, ಮೆಣಸಿನಗಿಡದ ಚಿಗುರಿಗೆ ಸಸ್ಯಹೇನು ಮುತ್ತಿದಾಗ ಇಲ್ಲಿನ ಕನ್ನಡಿಗರ ಕೈ ಮೊದಲು ಹೋಗುವುದು ಬೇವಿನೆಣ್ಣೆಯ ಸಣ್ಣ ಬಾಟಲಿಯ ಕಡೆಗೆ. ಅದರ ಮೇಲೆ ‘ನೈಸರ್ಗಿಕ’ ಎಂದು ಬರೆದಿರುತ್ತದೆ. ಊರಿನ ನೆನಪೂ ವಿಷದ ಭಯವಿಲ್ಲವೆಂಬ ನೆಮ್ಮದಿಯೂ ಆ ಒಂದು ಪದದಲ್ಲಿ ಒಟ್ಟಿಗೆ ಸಿಗುತ್ತವೆ.

ಈ ಉಪನ್ಯಾಸದ ವಿಷಯ ಆ ಪದವೇ. ಗಿಡಮರಗಳ ಎಣ್ಣೆ ಮತ್ತು ಕಷಾಯಗಳು ಬೆಳೆಯ ಕೀಟಗಳನ್ನು ತಡೆಯಬಲ್ಲವೆಂಬುದು ಸತ್ಯ. ಅದಕ್ಕೆ ವಿಜ್ಞಾನದ ಆಧಾರ ಸಾಕಷ್ಟಿದೆ. ಆದರೆ ‘ಸಹಜ’ ಎಂದೊಡನೆ ಪ್ರಶ್ನೆಗಳು ನಿಂತುಬಿಡುತ್ತವೆ. ನಿಲ್ಲಬಾರದ ಪ್ರಶ್ನೆಗಳು ಮೂರು: ಈ ಜ್ಞಾನ ಯಾರದು? ವಿಷದ ಭಾರವನ್ನು ಯಾರ ಮೈ ಹೊತ್ತಿದೆ? ಇದನ್ನು ಪರೀಕ್ಷಿಸಿದವರು ಯಾರು?

ಮೊದಲ ಪ್ರಶ್ನೆಗೆ ಸಿಂಗಾಪುರದ ನೆಲದಲ್ಲಿಯೇ ಒಂದು ಹಳೆಯ ಉದಾಹರಣೆ ಇದೆ. ನಗರದ ನಡುವಿನ ಆಕ್ಸ್ಲಿ ರಸ್ತೆಯನ್ನು ಬಲ್ಲವರು ಬಹಳ. ಆ ಹೆಸರಿನ ಥಾಮಸ್ ಆಕ್ಸ್ಲಿ ಹತ್ತೊಂಬತ್ತನೆಯ ಶತಮಾನದ ವಸಾಹತು ಸರ್ಕಾರದ ವೈದ್ಯ, ಜಾಯಿಕಾಯಿ ತೋಟದ ಒಡೆಯ. 1848ರಲ್ಲಿ ಜಾಯಿಕಾಯಿ ಬೇಸಾಯದ ಬಗ್ಗೆ ಆತ ಬರೆದ ಲೇಖನದಲ್ಲಿ, ಎಲೆ ತಿನ್ನುವ ಕೀಟಗಳಿಗೆ ತೂಬಾ ಬೇರಿನ ನೀರನ್ನು ಬಳಸಬಹುದೆಂಬ ಸಲಹೆ ಇದೆ. ಡೆರಿಸ್ ಎಂಬ ಬಳ್ಳಿಯ ಬೇರು ಕೀಟನಾಶಕವಾಗಿ ಬಳಕೆಯಾದದ್ದಕ್ಕೆ ಅತಿ ಹಳೆಯ ಲಿಖಿತ ದಾಖಲೆಗಳಲ್ಲಿ ಇದೊಂದು ಎಂದು ಕೀಟಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಆದರೆ ಮಲಯದ ಬೆಸ್ತರು ಅದೇ ಬೇರನ್ನು ಜಜ್ಜಿ ಹೊಳೆಗೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. ಚೀನೀ ತರಕಾರಿ ಬೆಳೆಗಾರರು ತಮ್ಮ ಪಾತಿಗಳಿಗೆ ಅದರ ನೀರನ್ನು ಚಿಮುಕಿಸುತ್ತಿದ್ದರು. ಬರೆದವನ ಹೆಸರು ರಸ್ತೆಗೆ ಉಳಿಯಿತು. ಬೇರನ್ನು ಜಜ್ಜಿದ ಕೈಗಳ ಹೆಸರು ಎಲ್ಲಿಯೂ ಉಳಿಯಲಿಲ್ಲ. ಮುಂದೆ ಆ ಬೇರಿನ ಸತ್ವವನ್ನು ಬೇರ್ಪಡಿಸಿ ರೊಟೆನೋನ್ ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಮಲಯದಿಂದ ಡೆರಿಸ್ ಬೇರು ಪಶ್ಚಿಮದ ದೇಶಗಳಿಗೆ ರಫ್ತಾಗುತ್ತಿತ್ತು. ಯುದ್ಧದ ಬಳಿಕ ಡಿಡಿಟಿ ಮತ್ತು ಅದರ ಬಂಧುಗಳು ಬಂದು ಬೇರು, ಎಲೆ, ಹೂವುಗಳ ಈ ಹಳೆಯ ಪೇಟೆಯನ್ನು ಮೂಲೆಗೆ ತಳ್ಳಿದವು.

ಜ್ಞಾನದ ಒಡೆತನದ ಇದೇ ಪ್ರಶ್ನೆ ಕರ್ನಾಟಕದಲ್ಲಿ ಬೇವಿನ ಮರದ ಕೆಳಗೆ ಎದ್ದಿತು. ಕಣಜದ ಕಾಳಿಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಬೆರೆಸಿಡುವುದು, ಹೊಲಕ್ಕೆ ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕುವುದು ಅಲ್ಲಿ ಹಳೆಯ ರೂಢಿ. ಈ ರೂಢಿಗೆ ಪ್ರಯೋಗದ ಬಲ ಕೊಟ್ಟದ್ದು ಭಾರತದ ಸಾರ್ವಜನಿಕ ಸಂಶೋಧನೆ. 1962ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಹೋದ್ಯೋಗಿಗಳು ಬೇವಿನ ಬೀಜದ ತಿರುಳನ್ನು ಕೇವಲ ಶೇ. 0.1ರ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಬೆಳೆಗೆ ಸಿಂಪಡಿಸಿದರು. ದಂಡೆತ್ತಿ ಬಂದ ಮಿಡತೆಗಳು ಆ ಬೆಳೆಯನ್ನು ಮುಟ್ಟಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬ ಇಬ್ಬರು ಅದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿ ಅಜಾಡಿರಾಕ್ಟಿನ್ ಎಂದು ಕರೆದರು. ಇದು ಕೀಟವನ್ನು ಹೊಡೆದು ಕೆಡಹುವ ವಿಷವಲ್ಲ. ಕೀಟದ ಹಸಿವನ್ನು ಕೊಲ್ಲುತ್ತದೆ, ಪೊರೆ ಕಳಚುವ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸುತ್ತದೆ; ಮರಿಹುಳು ಬೆಳೆಯಲಾರದೆ ಕೆಲವು ದಿನಗಳಲ್ಲಿ ಸಾಯುತ್ತದೆ.

ನಂತರ ಬಂಡವಾಳ ಬಂತು. 1985ರಲ್ಲಿ ಅಮೆರಿಕದಲ್ಲಿ ಮಾರ್ಗೋಸಾನ್-ಓ ಎಂಬ ಬೇವಿನ ಕೀಟನಾಶಕ ನೋಂದಣಿಯಾಯಿತು. ಅದರ ಹಕ್ಕನ್ನು ಕೊಂಡ ಡಬ್ಲ್ಯು. ಆರ್. ಗ್ರೇಸ್ ಕಂಪನಿಗೆ 1992ರಲ್ಲಿ, ಕೆಡದಂತೆ ಶೇಖರಿಸಬಹುದಾದ ಅಜಾಡಿರಾಕ್ಟಿನ್ ದ್ರಾವಣದ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಂಪನಿ ಪಿ. ಜೆ. ಮಾರ್ಗೋ ಎಂಬ ಭಾರತೀಯ ಸಂಸ್ಥೆಯ ಜೊತೆಗೂಡಿ ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೀಜ ಸಂಸ್ಕರಿಸುವ ಕಾರ್ಖಾನೆ ಹೂಡಿತು. ಟನ್ನಿಗೆ 300 ರೂಪಾಯಿಗೆ ಸಿಗುತ್ತಿದ್ದ ಬೇವಿನ ಬೀಜ ಮೂರು ನಾಲ್ಕು ಸಾವಿರಕ್ಕೇರಿತೆಂದು ಆ ಕಾಲದ ಚಳವಳಿಯ ಬರಹಗಳು ದೂರಿದವು. ಮರದಡಿ ಬಿದ್ದ ಬೀಜವನ್ನು ಆಯ್ದು ಬಳಸುತ್ತಿದ್ದವರಿಗೆ ಅದು ಕೊಳ್ಳುವ ಸರಕಾಯಿತು.

1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಆ ಹೊತ್ತಿಗೆ ಗ್ಯಾಟ್ ಒಪ್ಪಂದದ ಬೌದ್ಧಿಕ ಆಸ್ತಿಯ ಷರತ್ತುಗಳ ವಿರುದ್ಧ ನಿಂತಿತ್ತು. 1992ರ ಡಿಸೆಂಬರ್‌ನಲ್ಲಿ ಅದರ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿ ಹಚ್ಚಿದ್ದರು. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ನಡೆದ ಬೃಹತ್ ಸಮಾವೇಶದಲ್ಲಿ ಬೀಜ ಸತ್ಯಾಗ್ರಹದ ಮಾತು ಮೊಳಗಿತು. ಆ ವರ್ಷಗಳ ಮೆರವಣಿಗೆಗಳಲ್ಲಿ ರೈತರು ಹಿಡಿದ ಬೇವಿನ ಕೊಂಬೆ ಯುಗಾದಿಯ ಅಂಗಳದಿಂದ ರಾಜಕೀಯದ ಬೀದಿಗೆ ಬಂದ ಕೊಂಬೆ. ಕಾನೂನಿನ ಪ್ರಾಧ್ಯಾಪಕರಾಗಿದ್ದ ಎಂ. ಡಿ. ನಂಜುಂಡಸ್ವಾಮಿಯವರ ವಾದ ಸರಳವಾಗಿತ್ತು: ತಲೆಮಾರುಗಳು ಸೇರಿ ಕಟ್ಟಿದ ಅರಿವಿಗೆ ಒಬ್ಬ ಒಡೆಯನಿರಲಾರ.

ಆ ವಾದಕ್ಕೆ ನ್ಯಾಯಪೀಠದ ಮನ್ನಣೆ ಸಿಕ್ಕಿದ್ದು ಯುರೋಪಿನಲ್ಲಿ. ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಗೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಕೊಟ್ಟಿದ್ದ ಹಕ್ಕನ್ನು ವಂದನಾ ಶಿವ, ಯುರೋಪ್ ಸಂಸತ್ತಿನ ಹಸಿರು ಪಕ್ಷದ ಮಾಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ 1995ರಲ್ಲಿ ಪ್ರಶ್ನಿಸಿದರು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿದ್ದುಹೋಯಿತು. ನಂಜುಂಡಸ್ವಾಮಿ 2004ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು; ಕೊನೆಯ ತೀರ್ಪನ್ನು ಅವರು ಕಾಣಲಿಲ್ಲ. ಈ ಗೆಲುವಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ‘ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು’ ಎಂಬ ಘೋಷಣೆಯಿಂದ ಪೇಟೆಂಟ್ ಬೀಳಲಿಲ್ಲ. ಇಂಥ ಸಾರವನ್ನು ಭಾರತದಲ್ಲಿ ಮೊದಲೇ ತಯಾರಿಸಲಾಗುತ್ತಿತ್ತು, ಹೊಲದಲ್ಲಿ ಬಳಸಲಾಗಿತ್ತು ಎಂಬ ಸಾಕ್ಷ್ಯ ಅದನ್ನು ಬೀಳಿಸಿತು. ಬರೆದಿಟ್ಟ, ಅಳೆದು ನೋಡಿದ, ಎಲ್ಲರಿಗೂ ತೆರೆದಿಟ್ಟ ಅರಿವೇ ಸಮುದಾಯದ ಒಡೆತನವನ್ನು ಕಾಯಬಲ್ಲದು.

ಎರಡನೆಯ ಪ್ರಶ್ನೆ ಮೈಯದು. ಸಸ್ಯಜನ್ಯ ಕೀಟನಾಶಕಗಳ ಚರ್ಚೆ ಯಾಕೆ ಬೇಕೆಂದು ಕೇಳುವವರಿಗೆ ಗಡಿನಾಡು ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವೇ ಉತ್ತರ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ, ಚಿಗುರನ್ನು ಸುಡುವ ಟೀ ಸೊಳ್ಳೆಯ ಕಾಟ ತಪ್ಪಿಸಲೆಂದು, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ತೋಟ, ಇಳಿಜಾರಿನಲ್ಲಿ ಮನೆ, ತೆರೆದ ಬಾವಿ, ತೋಡು, ಸುರಂಗದ ನೀರು. ಆ ಊರಿನ ಮಕ್ಕಳ ಅಂಗವೈಕಲ್ಯ, ನರರೋಗ, ಕ್ಯಾನ್ಸರ್‌ಗಳ ಲೆಕ್ಕವನ್ನು ಸ್ಥಳೀಯ ವೈದ್ಯ ವೈ. ಎಸ್. ಮೋಹನ್ ಕುಮಾರ್ ಬರೆದಿಟ್ಟರು. ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿಯೂ ಇದೇ ಕಥೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಭಾರತದ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬರಲು 2017ರ ಜನವರಿ ಬೇಕಾಯಿತು.

ಪಡ್ರೆಯವರು ಆ ಗೇರುಬೀಜವನ್ನು ಪೇಟೆಯಲ್ಲಿ ಕೊಂಡು ತಿಂದವರಲ್ಲ. ಅವರು ಅದರ ಕೆಳಗೆ ಬದುಕಿದವರು. ತಿನ್ನುವ ಆಹಾರದಲ್ಲಿ ವಿಷದ ಉಳಿಕೆ ಎಷ್ಟೆಂದು ಬಂದರಿನಲ್ಲಿ ಅಳೆಯುವ ವ್ಯವಸ್ಥೆ ತಿನ್ನುವವನನ್ನು ಕಾಯುತ್ತದೆ. ಸಿಂಗಾಪುರ ತನ್ನ ಆಹಾರದ ಶೇ. 90ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಇಲ್ಲಿನ ಆಹಾರ ಸಂಸ್ಥೆಯ ಪರೀಕ್ಷೆ ಕಟ್ಟುನಿಟ್ಟು. ಆದರೆ ಕೊಯ್ಲಿಗೆ ವಾರಗಳ ಮುಂಚೆ ಸಿಂಪಡಿಸಿದ ವಿಷ ಬಂದರಿಗೆ ಬರುವಷ್ಟರಲ್ಲಿ ಮಾಯವಾಗಿರಬಹುದು. ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೊಂದು ಟವೆಲು ಸುತ್ತಿಕೊಂಡು ಸಿಂಪಡಿಸಿದ ಕೂಲಿಯಾಳಿನ ಶ್ವಾಸಕೋಶದಿಂದ ಅದು ಅಷ್ಟು ಸುಲಭವಾಗಿ ಹೋಗದು. ಸಸ್ಯಜನ್ಯ ಔಷಧಿಯ ಪರವಾದ ಅತ್ಯಂತ ಗಟ್ಟಿಯಾದ ವಾದ ಇದೇ: ಅದು ಸರಿಯಾಗಿ ಆಯ್ದುದಾದರೆ ಮೊದಲು ಕಾಪಾಡುವುದು ಸಿಂಪಡಿಸುವವನನ್ನು.

ಇನ್ನು ಅವು ನಿಜಕ್ಕೂ ಕೆಲಸ ಮಾಡುತ್ತವೆಯೇ? ತೊಗರಿಯ ಕಣಜವೆನಿಸಿದ ಕಲಬುರಗಿಯ ಅನುಭವ ನೋಡಬಹುದು. 1997-98ರಲ್ಲಿ ಅಕಾಲದ ಮಳೆಮೋಡಗಳ ಜೊತೆ ಕಾಯಿಕೊರಕ ಹುಳು ತೊಗರಿಯನ್ನು ಮುತ್ತಿತು. ಸಂಶ್ಲೇಷಿತ ಪೈರೆಥ್ರಾಯ್ಡ್‌ಗಳು ಆ ಹುಳುವಿನ ಮೇಲೆ ಕೆಲಸ ಮಾಡುವುದನ್ನು ನಿಲ್ಲಿಸಿದ್ದವು. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಸತ್ವವನ್ನೇ ಮಾದರಿಯಾಗಿಟ್ಟುಕೊಂಡು, ಬಿಸಿಲಿಗೆ ಕೆಡದಂತೆ ಪ್ರಯೋಗಾಲಯದಲ್ಲಿ ರೂಪಿಸಿದ ರಾಸಾಯನಿಕಗಳವು. ಹೂವಿನ ಸತ್ವ ಬಿಸಿಲಿಗೆ ಬೇಗ ಅಳಿಯುತ್ತಿತ್ತು. ಅಳಿಯದಂತೆ ಮಾಡಿ, ಮತ್ತೆ ಮತ್ತೆ ಸಿಂಪಡಿಸಿದಾಗ ಹುಳು ಅದಕ್ಕೆ ಒಗ್ಗಿಕೊಂಡಿತು. ಸಾಲ ಮಾಡಿ ಔಷಧಿ ಕೊಂಡ ಕಲಬುರಗಿ, ಬೀದರ ಸೀಮೆಯ ರೈತರ ಆತ್ಮಹತ್ಯೆಗಳು ಆ ವರ್ಷದ ದಾಖಲೆಯಲ್ಲಿವೆ.

ಅದೇ ಕಾಯಿಕೊರಕಕ್ಕೆ ಕೃಷಿ ವಿಶ್ವವಿದ್ಯಾಲಯಗಳು ಮೊದಲ ಹಂತದಲ್ಲಿ ಶಿಫಾರಸು ಮಾಡುವುದು ಶೇ. 5ರ ಬೇವಿನ ಬೀಜದ ಕಷಾಯವನ್ನು. ಐದು ಕಿಲೋ ಬೀಜದ ತಿರುಳನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡಿ ಸೋಸಿ, ಎಲೆಗೆ ಅಂಟಲೆಂದು ಒಂದಿಷ್ಟು ಸಾಬೂನು ಬೆರೆಸಿ, ಒಟ್ಟು ನೂರು ಲೀಟರ್ ಮಾಡಿ, ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಹುಳು ಮೊಟ್ಟೆಯಲ್ಲಿ ಅಥವಾ ಎಳೆಯ ಹಂತದಲ್ಲಿ ಇದ್ದರೆ ಫಲ ಕಾಣುತ್ತದೆ. ಬಲಿತು ಕಾಯಿಯೊಳಗೆ ಹೊಕ್ಕಿದ್ದರೆ ಕಾಣುವುದು ಕಷ್ಟ. ಇಂಥ ಕಷಾಯಕ್ಕೆ ಇನ್ನೊಂದು ಗುಣವೂ ಇದೆ. ಕೆನಡಾದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸಸ್ಯಹೇನಿನ ಸಂತತಿಗೆ ಶುದ್ಧ ಅಜಾಡಿರಾಕ್ಟಿನ್, ಇನ್ನೊಂದಕ್ಕೆ ಬೇವಿನ ಬೀಜದ ಸಮಗ್ರ ಸಾರ ಕೊಟ್ಟು ನಲವತ್ತು ತಲೆಮಾರು ಬೆಳೆಸಿದರು. ಶುದ್ಧ ವಸ್ತುವಿಗೆ ಹೇನು ಒಂಬತ್ತು ಪಟ್ಟು ಪ್ರತಿರೋಧ ಬೆಳೆಸಿಕೊಂಡಿತು; ಹಲವು ಸತ್ವಗಳು ಕೂಡಿದ ಸಾರಕ್ಕೆ ಬೆಳೆಸಿಕೊಳ್ಳಲಿಲ್ಲ.

ಸುಗಂಧ ತೈಲಗಳ ಮಾತೂ ಬರಬೇಕು. ಇಲ್ಲಿಂದ ದೂರವಲ್ಲದ ಗೇಲಾಂಗ್ ಸೆರಾಯ್ ಹೆಸರಿನ ‘ಸೆರಾಯ್’ ಎಂದರೆ ನಿಂಬೆಹುಲ್ಲು. ಒಂದು ಕಾಲದಲ್ಲಿ ಅಲ್ಲಿ ಆ ಹುಲ್ಲನ್ನು ಬೆಳೆಯುತ್ತಿದ್ದರು. ನಿಂಬೆಹುಲ್ಲು, ಸಿಟ್ರೊನೆಲ್ಲ, ಲವಂಗ, ದಾಲ್ಚಿನ್ನಿಗಳ ಎಣ್ಣೆಯಲ್ಲಿರುವ ಸತ್ವಗಳಲ್ಲಿ ಕೆಲವು ಕೀಟದ ನರಗಳಲ್ಲಿರುವ ಆಕ್ಟೋಪಮೈನ್ ವ್ಯವಸ್ಥೆಯನ್ನು ಕದಡುತ್ತವೆ. ಬೆನ್ನೆಲುಬುಳ್ಳ ಪ್ರಾಣಿಗಳ ದೇಹದಲ್ಲಿ ಆ ವ್ಯವಸ್ಥೆಗೆ ಅಂಥ ಪಾತ್ರವಿಲ್ಲದಿರುವುದರಿಂದ ಮನುಷ್ಯನಿಗೆ ಅಪಾಯ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಇಂಥ ಹಲವು ಎಣ್ಣೆಗಳಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟಿತು. ಆದರೆ ಅವು ಗಾಳಿಗೆ ಬೇಗ ಆರಿಹೋಗುತ್ತವೆ. ಮುಚ್ಚಿದ ಉಗ್ರಾಣದಲ್ಲಿ, ಹಸಿರುಮನೆಯಲ್ಲಿ ಕೊಡುವ ಫಲವನ್ನು ತೆರೆದ ಹೊಲದಲ್ಲಿ ಕೊಡಲಾರವು. ಪ್ರಮಾಣ ಮೀರಿದರೆ ಎಲೆಯನ್ನೇ ಸುಡುತ್ತವೆ. ಊರು, ಋತು, ಭಟ್ಟಿಯ ರೀತಿ ಬದಲಾದಂತೆ ಎಣ್ಣೆಯ ಗುಣವೂ ಬದಲಾಗುತ್ತದೆ.

ಇಲ್ಲಿ ಮೂರನೆಯ ಪ್ರಶ್ನೆ ಎದುರಾಗುತ್ತದೆ: ಪರೀಕ್ಷೆ. ಗಿಡದಿಂದ ಬಂದದ್ದು ನಿರಪಾಯಕಾರಿ ಎಂಬ ನಂಬಿಕೆಗೆ ಆಧಾರವಿಲ್ಲ. ಆಕ್ಸ್ಲಿ ಬರೆದ ತೂಬಾ ಬೇರಿನ ರೊಟೆನೋನ್ ದೀರ್ಘಕಾಲ ಸಾವಯವ ತೋಟಗಾರರ ಮೆಚ್ಚಿನ ಪುಡಿಯಾಗಿತ್ತು. 2000ದಲ್ಲಿ ಅದು ಇಲಿಗಳಲ್ಲಿ ಪಾರ್ಕಿನ್ಸನ್ ರೋಗದ ಲಕ್ಷಣಗಳನ್ನು ಹುಟ್ಟಿಸಿತೆಂಬ ಅಧ್ಯಯನ ಬಂತು. 2011ರಲ್ಲಿ ಅಮೆರಿಕದ ಅಧ್ಯಯನವೊಂದು ರೊಟೆನೋನ್ ಬಳಸಿದವರಲ್ಲಿ ಆ ರೋಗದ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಕಂಡಿತು. ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣಗಳಿಗೆ ಚಿರಪರಿಚಿತವಾದ ಹೊಗೆಸೊಪ್ಪಿನ ನಿಕೋಟಿನ್ ತೀವ್ರ ವಿಷ. ನಿಕೋಟಿನ್ ಸಲ್ಫೇಟ್ ಬಳಕೆಯನ್ನು ಭಾರತ 1992ರಲ್ಲಿ ದೇಶದೊಳಗೆ ನಿಷೇಧಿಸಿ, ರಫ್ತಿಗಾಗಿ ತಯಾರಿಸಲು ಮಾತ್ರ ಬಿಟ್ಟಿತು. ತನ್ನ ಕೂಲಿಯವನಿಗೆ ಬೇಡವಾದ ವಿಷ ಪರದೇಶದ ಕೂಲಿಯವನಿಗೆ ಸಾಗಬಹುದೆಂಬ ನೀತಿ ಅದು. ಬೇವಿನೆಣ್ಣೆಯೂ ಇದಕ್ಕೆ ಹೊರತಲ್ಲ. ಹಸುಗೂಸುಗಳಿಗೆ ಮನೆಮದ್ದೆಂದು ಬೇವಿನೆಣ್ಣೆ ಕುಡಿಸಿದ್ದರಿಂದ ಮಿದುಳು, ಯಕೃತ್ತುಗಳಿಗೆ ಅಪಾಯವಾದ ಪ್ರಕರಣಗಳನ್ನು ಪಕ್ಕದ ಮಲೇಷ್ಯಾದ ವೈದ್ಯರು 1981ರಲ್ಲಿಯೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ರೇಷ್ಮೆ ಹುಳುವೂ ಕೀಟವೇ ಆದುದರಿಂದ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಬೇವಾಗಲಿ ಹೊಗೆಸೊಪ್ಪಿನ ಕಷಾಯವಾಗಲಿ ಎಚ್ಚರದಿಂದಲೇ ಬಳಕೆಯಾಗಬೇಕು. ಗಿಡ ತನ್ನ ರಕ್ಷಣೆಗೆಂದು ಕಟ್ಟಿಕೊಂಡ ವಿಷಕ್ಕೆ ಮಿತ್ರ ಯಾರು, ಶತ್ರು ಯಾರು ಎಂಬ ಭೇದ ತಿಳಿಯದು.

ಪರೀಕ್ಷೆ ಇಲ್ಲದ ಕಡೆ ಇಬ್ಬರು ಲಾಭ ಮಾಡಿಕೊಳ್ಳುತ್ತಾರೆ. ಮೊದಲನೆಯವನು ವ್ಯಾಪಾರಿ. ‘ಸಸ್ಯಜನ್ಯ’, ‘ಜೈವಿಕ’ ಎಂದು ಬರೆದ ಬಾಟಲಿಗಳಲ್ಲಿ ಅಗ್ಗದ ರಾಸಾಯನಿಕ ಕೀಟನಾಶಕ ಬೆರೆಸಿದ್ದು ಭಾರತದ ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ. ಅಂಥ ಬಾಟಲಿ ಕೊಂಡ ರೈತ ಕೈಗವಸಿಲ್ಲದೆ, ನಂಬಿಕೆಯಿಂದ, ವಿಷವನ್ನು ಮುಟ್ಟುತ್ತಾನೆ. ಎರಡನೆಯವನು ಪರಂಪರೆಯ ಭಕ್ತ. ಕಷಾಯಕ್ಕೆ ಅಸ್ತ್ರದ ಹೆಸರಿಟ್ಟು, ಪ್ರಶ್ನೆ ಕೇಳುವುದನ್ನೇ ದ್ರೋಹವೆಂದು ಕರೆದು, ಅಳತೆಯ ಜಾಗದಲ್ಲಿ ಶ್ರದ್ಧೆಯನ್ನು ಕೂರಿಸುತ್ತಾನೆ. ಅವನ ಕಷಾಯ ಫಲ ಕೊಡದಿದ್ದರೆ ಅಳಿಯುವುದು ಅವನ ಹೆಸರಲ್ಲ, ರೈತನ ಬೆಳೆ.

ಇವರಿಬ್ಬರೂ ಹೇಳದ ಇನ್ನೊಂದು ಲೆಕ್ಕವಿದೆ. ‘ಮನೆಯಲ್ಲಿ ಮಾಡಿದರೆ ಖರ್ಚೇ ಇಲ್ಲ’ ಎಂಬ ಮಾತು ಪುಸ್ತಿಕೆಗಳಲ್ಲಿ ಸಾಮಾನ್ಯ. ಮುಂಗಾರಿನ ಆರಂಭದಲ್ಲಿ ಬೇವಿನ ಹಣ್ಣು ಉದುರುವಾಗ ಅದನ್ನು ಆಯುವುದು, ತಿರುಳು ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಬೂಷ್ಟು ಹಿಡಿಯದಂತೆ ತಿಂಗಳುಗಟ್ಟಲೆ ಕಾಯುವುದು, ಕುಟ್ಟುವುದು, ಸೋಸುವುದು ಹೆಚ್ಚಾಗಿ ಹೆಂಗಸರ ಪಾಲು. ಬಿತ್ತನೆಯ ಹೊತ್ತೂ ಅದೇ. ಖರ್ಚಿಲ್ಲವೆಂದರೆ ಆ ದುಡಿಮೆಗೆ ಕೂಲಿ ಬರೆದಿಲ್ಲವೆಂದು ಅರ್ಥ. ಊರಿಗೊಂದು ಗಾಣ, ಬೀಜಕ್ಕೊಂದು ನ್ಯಾಯವಾದ ಬೆಲೆ, ಮಹಿಳಾ ಸಂಘಗಳಿಗೆ ಪುಡಿಮಾಡುವ ಯಂತ್ರ, ತಾಲ್ಲೂಕಿಗೊಂದು ಗುಣಮಟ್ಟದ ಪ್ರಯೋಗಾಲಯ: ಈ ನಾಲ್ಕಿಲ್ಲದೆ ಸಹಜ ಕೃಷಿಯ ಭಾಷಣ ಹೆಂಗಸರ ಬೆನ್ನಿನ ಮೇಲೆ ಇನ್ನೊಂದು ಹೊರೆ ಮಾತ್ರ.

ಹಾಗೆಂದು ರಾಸಾಯನಿಕದ ಡಬ್ಬಿಗೆ ಮರಳಬೇಕಿಲ್ಲ. ಪಡ್ರೆಯ ನೆನಪಿರುವವರೆಗೆ ಆ ಮಾತು ಸಲ್ಲದು. ಸಿಂಪಡಣೆಯೇ ಎಲ್ಲವೂ ಅಲ್ಲವೆಂಬುದನ್ನೂ ಅದೇ ಗೇರು ತೋಟ ಕಲಿಸುತ್ತದೆ: ಟೀ ಸೊಳ್ಳೆಯನ್ನು ಬೇಟೆಯಾಡುವ ಚಗಳಿ ಇರುವೆ ಆ ಮರಗಳಲ್ಲೇ ಗೂಡು ಕಟ್ಟುತ್ತದೆ. ಮೇಲಿನಿಂದ ವಿಷ ಸುರಿದಾಗ ಸತ್ತವುಗಳಲ್ಲಿ ಅದೂ ಸೇರಿತ್ತು. ಮಿಶ್ರಬೆಳೆ, ಕೀಟಭಕ್ಷಕ ಜೀವಿಗಳ ಉಳಿವು, ಸಕಾಲದ ಕಷಾಯ, ಇವೆಲ್ಲ ಕೂಡಿದಾಗಲೇ ಬೇವು ತನ್ನ ಪಾಲಿನ ಕೆಲಸ ಮಾಡುತ್ತದೆ.

ಟ್ಯಾಂಪಿನೀಸ್‌ನ ಮೊಗಸಾಲೆಯಲ್ಲಿ ನಿಂತು ಕರಿಬೇವಿಗೆ ಎಣ್ಣೆ ಸಿಂಪಡಿಸುವ ಕೈಗೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ಆ ಕೈಗೆ ಹಣದ ಬಲವಿದೆ, ಓದಿನ ಬಲವಿದೆ, ಊರಿನಲ್ಲಿ ಹೊಲವೋ ಹೊಲ ಮಾಡುವ ಬಂಧುವೋ ಇದ್ದಾರೆ. ಊರಿಗೆ ಹೋದಾಗ ‘ಸಾವಯವ ಅಕ್ಕಿ ಎಲ್ಲಿ ಸಿಗುತ್ತದೆ’ ಎಂದು ಕೇಳುವುದರ ಜೊತೆಗೆ, ಗದ್ದೆಗೆ ಏನು ಹೊಡೆದರು, ಹೊಡೆದವರು ಯಾರು, ಅವರಿಗೆ ಕೈಗವಸು ಯಾರು ಕೊಟ್ಟರು ಎಂದು ಕೇಳಬಹುದು. ಪರಂಪರೆಯ ಹೆಸರಿನಲ್ಲಿ ಹರಿದಾಡುವ ಕಷಾಯದ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ಇದನ್ನು ಯಾರು, ಎಲ್ಲಿ ಅಳೆದು ನೋಡಿದರು ಎಂದು ವಿಚಾರಿಸಬಹುದು. ಬೇವಿನ ಕೊಂಬೆ ಹಿಡಿದು ಬೀದಿಗಿಳಿದ ರೈತರು ಕಂಪನಿಯ ಕೈಯಿಂದ ಒಂದು ಮರವನ್ನು ಬಿಡಿಸಿ ಸಮುದಾಯಕ್ಕೆ ಕೊಟ್ಟರು. ಆ ಮರದ ಬಗ್ಗೆ ಸತ್ಯವನ್ನೇ ಹೇಳುವುದು, ಅದು ಏನು ಮಾಡಬಲ್ಲದು ಮತ್ತು ಏನು ಮಾಡಲಾರದು ಎಂಬೆರಡನ್ನೂ ಹೇಳುವುದು, ಅವರ ಋಣ ತೀರಿಸುವ ಒಂದು ಬಗೆ.